‘ಸೈಡರ್’: ಹಣ್ಣಿನ ಹೆಸರೋ, ಹಂತದ ಹೆಸರೋ? ಬೆಳಗಾವಿ–ಖಾನಾಪುರದ ಪಾನೀಯಪದಗಳ ಹಿನ್ನೆಲೆಯಲ್ಲಿ ಒಂದು ನಿಘಂಟುವಿಮರ್ಶೆ

1. ಸಮಸ್ಯೆಯ ಸ್ವರೂಪ

ಇಂಗ್ಲಿಷಿನ ‘ಸೈಡರ್’ ಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಕೊಡುವ ಅರ್ಥ ‘ಸೇಬಿನ ಮದ್ಯ’ ಎಂದು. ಈ ಅರ್ಥ ತಪ್ಪಲ್ಲ, ಆದರೆ ಸಾಲದು. ‘ಸೇಬು’ ಎಂಬುದು ಕಚ್ಚಾವಸ್ತುವನ್ನು ಹೇಳುತ್ತದೆ. ‘ಮದ್ಯ’ ಎಂಬುದು ಅಮಲು ತರುವ ಎಲ್ಲ ಪಾನೀಯಗಳ ವರ್ಗವನ್ನು ಹೇಳುತ್ತದೆ. ರಸವು ಹಿಂಡಿದ ಸ್ಥಿತಿಯಲ್ಲಿದೆಯೇ, ಹುದುಗಿದೆಯೇ, ಬಟ್ಟಿ ಇಳಿಸಲ್ಪಟ್ಟಿದೆಯೇ ಎಂಬ ಮುಖ್ಯ ವಿಷಯ ಇಲ್ಲಿ ಉಳಿದೇಹೋಗುತ್ತದೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ಸೈಡರನ್ನು ಬಟ್ಟಿ ಇಳಿಸಿ ತಯಾರಿಸುವ ‘ಕಲ್ವದೋಸ್’ ಕೂಡ ಸೇಬಿನ ಮದ್ಯವೇ. ಎರಡಕ್ಕೂ ಒಂದೇ ಅರ್ಥವಿವರಣೆ ಹೊಂದುವುದಾದರೆ ಆ ವಿವರಣೆ ಎರಡನ್ನೂ ವಿವರಿಸಿಲ್ಲವೆಂದೇ ಹೇಳಬೇಕಾಗುತ್ತದೆ.

ಸೇಬು ಬೆಳೆಯದ ನಾಡಿನ ಭಾಷೆಯಲ್ಲಿ ಈ ನ್ಯೂನತೆ ಕ್ಷಮ್ಯವೆಂದು ವಾದಿಸಬಹುದು. ಆದರೆ ಬೆಳಗಾವಿ ನಗರದಿಂದ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಾಟಿಯನ್ನಿಳಿದು ಗೋವೆಗೆ ಸಾಗುವ ದಾರಿಯ ಎರಡೂ ಕಡೆಯ ಭಾಷೆಗಳಲ್ಲಿ, ಅಂದರೆ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ, ಈ ಹಂತಭೇದವನ್ನು ಸೂಚಿಸುವ ಪದಸಂಪತ್ತು ಹಿಂದಿನಿಂದಲೂ ಇದೆ. ಆ ಸಂಪತ್ತನ್ನು ಗಣನೆಗೆ ತೆಗೆದುಕೊಂಡಿದ್ದರೆ ‘ಸೈಡರ್’ ಪದದ ವಿವರಣೆ ಬೇರೆಯೇ ಆಗುತ್ತಿತ್ತು ಎಂಬುದು ಪ್ರಸ್ತುತ ಲೇಖನದ ವಾದ.

2. ಪದದ ಪ್ರಯಾಣ

‘ಸೈಡರ್’ ಪದದ ಮೂಲದಲ್ಲಿ ಸೇಬು ಇಲ್ಲ. ಹೀಬ್ರೂ ಭಾಷೆಯ ‘ಶೇಖಾರ್’ ಎಂದರೆ ಅಮಲೇರಿಸುವ ಪಾನೀಯ. ಅಕ್ಕಾಡಿಯನ್ ಭಾಷೆಯಲ್ಲಿ ಇದರ ಜ್ಞಾತಿಪದ ಧಾನ್ಯದ ಬಿಯರನ್ನು ಸೂಚಿಸುತ್ತಿತ್ತು. ಬೈಬಲ್ಲಿನ ಗ್ರೀಕ್ ಅನುವಾದದಲ್ಲಿ ಅದು ‘ಸಿಕೆರ’ ಎಂದೂ ಲ್ಯಾಟಿನ್ನಿನಲ್ಲಿ ‘ಸಿಸೆರ’ ಎಂದೂ ಆಯಿತು. ಲ್ಯಾಟಿನ್ ಬೈಬಲ್ಲನ್ನು ಸಿದ್ಧಪಡಿಸಿದ ಜೆರೋಮನು ಈ ಪದವನ್ನು ವಿವರಿಸುತ್ತ, ಧಾನ್ಯದಿಂದಾಗಲಿ, ಹಣ್ಣಿನ ರಸದಿಂದಾಗಲಿ, ಜೇನಿನಿಂದಾಗಲಿ, ತಾಳೆಜಾತಿಯ ಮರದ ಫಲದಿಂದಾಗಲಿ ಮಾಡಿದ ಮಾದಕ ಪಾನೀಯಗಳೆಲ್ಲ ಇದರಲ್ಲಿ ಸೇರುತ್ತವೆಂದು ಹೇಳಿದ್ದಾನೆ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಮೇಲೂ ಹಳೆಯ ಅರ್ಥ ಕೂಡಲೇ ಅಳಿಯಲಿಲ್ಲ. 14ನೆಯ ಶತಮಾನದ ವಿಕ್ಲಿಫ್ ಬೈಬಲ್ಲಿನಲ್ಲಿ ಈ ಪದ ದ್ರಾಕ್ಷಾರಸದ ಜೊತೆಗೆ ಸಾಮಾನ್ಯ ಮಾದಕ ಪಾನೀಯದ ಅರ್ಥದಲ್ಲಿಯೇ ಬಂದಿದೆ. ಸೇಬಿನ ಪಾನೀಯಕ್ಕೆ ಸೀಮಿತವಾದುದು ಅರ್ಥಸಂಕೋಚದ ಫಲ.

ಮುಂದಿನ ಬೆಳವಣಿಗೆ ಇನ್ನೂ ವಿಚಿತ್ರವಾದುದು. ಬ್ರಿಟನ್ನಿನಲ್ಲಿ ಸೈಡರ್ ಎಂದರೆ ಇಂದಿಗೂ ಹುದುಗಿದ ಪಾನೀಯ. ಅಮೆರಿಕದಲ್ಲಿ ವಿಶೇಷಣವಿಲ್ಲದ ‘ಸೈಡರ್’ ಸಾಮಾನ್ಯವಾಗಿ ಹುದುಗದ, ಸೋಸದ ಸೇಬಿನ ರಸ. ಹುದುಗಿದ್ದನ್ನು ‘ಹಾರ್ಡ್ ಸೈಡರ್’ ಎಂದು ಬೇರ್ಪಡಿಸಬೇಕು. ಜಪಾನಿನಲ್ಲಿ ‘ಸೈದಾ’ ಎಂಬುದು ಮದ್ಯಸಾರವೇ ಇಲ್ಲದ, ಅನಿಲ ತುಂಬಿದ ಸಿಹಿ ಪಾನೀಯ. ಮಾದಕತೆಯನ್ನೇ ಧಾತ್ವರ್ಥವಾಗಿ ಹೊಂದಿದ್ದ ಪದ ಮಾದಕತೆಯನ್ನು ಪೂರ್ತಿಯಾಗಿ ಕಳೆದುಕೊಂಡ ಉದಾಹರಣೆಯಿದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂಸ್ಕೃತದಲ್ಲಿ ಕಬ್ಬಿನ ರಸದ ಮದ್ಯಕ್ಕೆ ‘ಸೀಧು’ ಎಂಬ ಹೆಸರಿದೆ. ಕನ್ನಡದ ‘ಸಕ್ಕರೆ’ ಸಂಸ್ಕೃತದ ‘ಶರ್ಕರಾ’ ಪದದ ಪ್ರಾಕೃತ ರೂಪದಿಂದ ಬಂದುದು. ‘ಸೀಧು–ಸೈಡರ್’, ‘ಶೇಖಾರ್–ಸಕ್ಕರೆ’ ಎಂಬ ಜೋಡಿಗಳ ಧ್ವನಿಸಾಮ್ಯ ಆಕಸ್ಮಿಕ. ಅದರ ಮೇಲೆ ವ್ಯುತ್ಪತ್ತಿಯನ್ನು ಕಟ್ಟುವುದು ಶಾಸ್ತ್ರಸಮ್ಮತವಲ್ಲ.

3. ಸ್ಥಳೀಯ ಪದಸರಣಿಗಳು

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈಚಲುಮರದ ಹುದುಗಿದ ರಸ ‘ಸಿಂದಿ’. ಮರಾಠಿಯ ‘ಶಿಂದಿ’ ಮರಕ್ಕೂ ಪಾನೀಯಕ್ಕೂ ಸಲ್ಲುತ್ತದೆ. ದಕ್ಷಿಣದ ‘ಹೆಂಡ’, ‘ಕಳ್ಳು’ಗಳಿಗೆ ಇದು ಸಂವಾದಿ. ಹುದುಗುವ ಮೊದಲಿನ ರಸ ‘ನೀರಾ’. ಬಟ್ಟಿ ಇಳಿಸಿದ್ದು ‘ಸಾರಾಯಿ’. ಮೂರು ಹಂತಗಳಿಗೆ ಮೂರು ಪದಗಳು. ಈ ಮೂರರಲ್ಲಿ ಯಾವುದನ್ನಾದರೂ ‘ಈಚಲಿನ ಮದ್ಯ’ ಎಂದು ವಿವರಿಸಿದರೆ ಕನ್ನಡಿಗನು ಒಪ್ಪಲಾರ. ಯಾವುದು ಎಂದು ಮರುಪ್ರಶ್ನೆ ಹಾಕುತ್ತಾನೆ.

ಗೋವೆಯ ಗಡಿಗೆ ತಾಗಿದ ಖಾನಾಪುರ ತಾಲ್ಲೂಕಿನ ಗೇರು ಬೆಳೆ ಇನ್ನೊಂದು ಸರಣಿಯನ್ನು ಮುಂದಿಡುತ್ತದೆ. ಬೀಜ ‘ಕಾಜು’, ಹಣ್ಣು ಕೊಂಕಣಿ–ಮರಾಠಿಗಳ ‘ಬೋಂಡು’. ಗೋವೆಯ ಭಟ್ಟಿಗಳಲ್ಲಿ ಹಣ್ಣನ್ನು ತುಳಿದ ಬಳಿಕ ಹಿಪ್ಪೆಯ ಮೇಲೆ ಭಾರವಿಟ್ಟಾಗ ತೊಟ್ಟಿಕ್ಕುವ ತಿಳಿರಸ ‘ನೀರೊ’. ತುಳಿದ ರಸವನ್ನು ಹುದುಗಿಸಿ ಒಮ್ಮೆ ಬಟ್ಟಿ ಇಳಿಸಿದರೆ ‘ಉರಾಕ್’. ಮತ್ತೆ ಇಳಿಸಿದರೆ ‘ಫೆನಿ’. ನೊರೆ ಎಂಬರ್ಥದ ‘ಫೇನ’ ಈ ಕೊನೆಯ ಪದದ ಮೂಲವೆಂದು ಹೇಳಲಾಗುತ್ತದೆ. ಗಮನಿಸಬೇಕಾದ ಅಂಶವೆಂದರೆ, ಹುದುಗಿದರೂ ಬಟ್ಟಿ ಇಳಿಯದ ನಡುವಣ ರಸ ಇಲ್ಲಿ ಭಟ್ಟಿಗೆ ಹೋಗುವ ಸಾಮಗ್ರಿ ಮಾತ್ರ. ‘ನೀರೊ’, ‘ಉರಾಕ್’, ‘ಫೆನಿ’ಗಳಂತೆ ಅದು ಕುಡಿಯುವ ಪಾನೀಯವಾಗಿ ಹೆಸರು ಪಡೆದಿಲ್ಲ. ಸೈಡರ್ ನಿಲ್ಲುವುದು ಸರಿಯಾಗಿ ಈ ಸ್ಥಾನದಲ್ಲಿ. ಆದ್ದರಿಂದ ‘ಸೇಬಿನ ಫೆನಿ’ ಎಂದು ಸೈಡರನ್ನು ಬಣ್ಣಿಸುವುದು ಅಪಾರ್ಥವಾಗುತ್ತದೆ. ‘ಸೇಬಿನ ಸಿಂದಿ’ ಎಂದರೆ ಕಚ್ಚಾವಸ್ತುವಿನಲ್ಲಿ ದೂರವಾದರೂ ಹಂತದಲ್ಲಿ ನಿಖರವಾಗುತ್ತದೆ.

‘ಗೇರು’ ಪದವೂ ಸೈಡರ್‌ನ ಇತಿಹಾಸವನ್ನು ನೆನಪಿಸುತ್ತದೆ. ಅದು ಮೊದಲು ನಮ್ಮ ಕಾಡಿನ, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿಯ ಮರದ ಹೆಸರು. ಪೋರ್ಚುಗೀಸರ ಮೂಲಕ ಅಮೆರಿಕ ಖಂಡದ ಮರ ಬಂದಾಗ ಹೆಸರು ಅದಕ್ಕೆ ದಾಟಿತು. ಮೂಲದ ಮರ ‘ಕಾಡುಗೇರು’ ಆಯಿತು. ಅಮೆರಿಕದಲ್ಲಿ ಹಳೆಯ ಸೈಡರ್ ‘ಹಾರ್ಡ್’ ಎಂಬ ವಿಶೇಷಣವನ್ನು ಹೊತ್ತದ್ದೂ ಇದೇ ಬಗೆಯ ಪಲ್ಲಟ.

4. ಸಂಭಾವ್ಯ ಆಕ್ಷೇಪಗಳು

ನಿಘಂಟು ವಿಶ್ವಕೋಶವಲ್ಲ, ತಯಾರಿಕೆಯ ವಿವರ ಅದರ ಹೊಣೆಯಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ‘ನೀರಾ’, ‘ಸಿಂದಿ’, ‘ಸಾರಾಯಿ’ಗಳನ್ನು ಕನ್ನಡ ಬೇರೆ ಬೇರೆ ಪದಗಳಾಗಿಯೇ ಉಳಿಸಿಕೊಂಡಿರುವುದರಿಂದ ಹಂತವು ಪದಾರ್ಥದ ಒಳಗಿನ ಅಂಶವೇ ಹೊರತು ಹೊರಗಿನ ಮಾಹಿತಿಯಲ್ಲ.

‘ರಸ’ ಎಂಬ ಪದವನ್ನೇ ಬಳಸಬಹುದಲ್ಲವೇ ಎಂಬುದು ಎರಡನೆಯದು. ಕನ್ನಡ ಬೈಬಲ್ಲಿನಲ್ಲಿ ‘ದ್ರಾಕ್ಷಾರಸ’ವೆಂದರೆ ವೈನ್, ಹಣ್ಣಿನಂಗಡಿಯಲ್ಲಿ ಹಿಂಡಿಕೊಡುವ ದ್ರಾಕ್ಷಿಯ ರಸ ಬೇರೆ. ‘ಸೇಬಿನ ರಸ’ ಎಂದರೆ ಅದೇ ಸಂದಿಗ್ಧತೆ ಮರುಕಳಿಸುತ್ತದೆ. ಮೂರನೆಯದಾಗಿ ‘ಆಸವ’. ‘ದ್ರಾಕ್ಷಾಸವ’ದಲ್ಲಿರುವಂತೆ ಇದು ಹುದುಗಿಸಿದ, ಬಟ್ಟಿ ಇಳಿಸದ ದ್ರವವನ್ನು ಸೂಚಿಸುವುದರಿಂದ ಶಾಸ್ತ್ರದೃಷ್ಟಿಯಿಂದ ಅತ್ಯಂತ ಸಮೀಪದ ಪದ. ಆದರೆ ಇಂದಿನ ಬಳಕೆಯಲ್ಲಿ ಅದು ಔಷಧದ ಸೀಸೆಗೆ ಅಂಟಿಕೊಂಡಿದೆ. ‘ಸೇಬಿನ ಆಸವ’ವೆಂದರೆ ಓದುಗರು ವೈದ್ಯರ ಚೀಟಿಯನ್ನು ನೆನೆಯುತ್ತಾರೆ.

5. ಹೆಸರಿನ ಪರಿಣಾಮ

ಈ ಚರ್ಚೆ ಕೇವಲ ಪಂಡಿತರ ಸೂಕ್ಷ್ಮವಲ್ಲ. ಇಂದು ಬಹುಪಾಲು ಕನ್ನಡಿಗರಿಗೆ ‘ಸೈಡರ್’ ಪರಿಚಯವಾಗುವುದು ಆರೋಗ್ಯಲೇಖನಗಳ ‘ಆಪಲ್ ಸೈಡರ್ ವಿನೆಗರ್’ ಎಂಬ ಸಮಾಸದ ಮೂಲಕ. ಅದರ ನಡುಪದಕ್ಕೆ ‘ಸೇಬಿನ ಮದ್ಯ’ವೆಂಬ ಅರ್ಥವನ್ನು ನೋಡಿದ ಮದ್ಯವರ್ಜಕರು ಹಿಂಜರಿಯುತ್ತಾರೆ, ‘ಸೇಬಿನ ರಸ’ವೆಂದು ತಿಳಿದವರು ನೀರು ಬೆರೆಸದೆ ಕುಡಿಯುವ ಅಪಾಯವಿದೆ. ರಸ ಹುದುಗಿ ಸೈಡರ್ ಆಗಿ, ಅದರ ಮದ್ಯಸಾರ ಮತ್ತೆ ಅಸಿಟಿಕ್ ಆಮ್ಲವಾದಾಗ ವಿನೆಗರ್ ಆಗುತ್ತದೆ ಎಂಬ ಕ್ರಮ ಗೊತ್ತಿದ್ದರೆ ಎರಡೂ ಗೊಂದಲಗಳು ಇಲ್ಲ.

ಕಾನೂನಿನಲ್ಲಿ ಹೆಸರಿನ ಭಾರ ಇನ್ನೂ ಹೆಚ್ಚು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದೇ ವರ್ಷ ರಾಜ್ಯವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2016ರಲ್ಲಿ ಆ ರಾಜ್ಯ ಅದನ್ನು ಪಾರಂಪರಿಕ ಪಾನೀಯವೆಂದು ಗುರುತಿಸಿತು. ಘಾಟಿಯ ಕೆಳಗೆ ಪರಂಪರೆಯೆನಿಸಿದ ದ್ರವವನ್ನು ಘಾಟಿಯ ಮೇಲೆ ಅನುಮತಿಯಿಲ್ಲದೆ ಇಳಿಸಿದರೆ ಅದರ ಹೆಸರು ‘ಕಳ್ಳಭಟ್ಟಿ’. (ಈ ಸಮಾಸದ ‘ಕಳ್ಳ’ ಕದಿಯುವುದಕ್ಕೆ ಸಂಬಂಧಿಸಿದ್ದು, ‘ಕಳ್ಳು’ ಬೇರೆ ಧಾತುವಿನದು.) ಬೀಜವನ್ನು ಮಾರಿ ಹಣ್ಣನ್ನು ತೋಟದಲ್ಲೇ ಕೊಳೆಯಲು ಬಿಡುವ ಬೆಳೆಗಾರನಿಗೆ ತಾಜಾ ರಸ, ಹುದುಗಿದ ಪಾನೀಯ, ಬಟ್ಟಿ ಇಳಿಸಿದ ಮದ್ಯಗಳ ಭೇದವು ಜೀವನೋಪಾಯದ ಪ್ರಶ್ನೆ. ಮೂರನ್ನೂ ‘ಗೇರುಹಣ್ಣಿನ ಮದ್ಯ’ ಎಂಬ ಒಂದೇ ಮಾತಿನಡಿ ತರುವ ಭಾಷೆ ಅವನ ಮನವಿಯನ್ನು ಬರೆಯುವ ಮೊದಲೇ ತಿರಸ್ಕರಿಸಿದಂತಾಗುತ್ತದೆ.

6. ಪ್ರಸ್ತಾವ

ಮೇಲಿನ ವಿವೇಚನೆಯಿಂದ ಪದಪ್ರವೇಶವನ್ನು ಹೀಗೆ ತಿದ್ದಬಹುದು. ‘ಸೈಡರ್’, ನಾಮಪದ: (ಅ) ಹುದುಗಿಸಿದ, ಬಟ್ಟಿ ಇಳಿಸದ ಸೇಬಿನ ರಸ, ಹಂತದಲ್ಲಿ ಸಿಂದಿ, ಕಳ್ಳುಗಳಿಗೆ ಸಮಾನ. (ಆ) ಅಮೆರಿಕದ ಬಳಕೆಯಲ್ಲಿ ಹುದುಗದ, ಸೋಸದ ಸೇಬಿನ ರಸ. (ಇ) ಪ್ರಾಚೀನ ಬಳಕೆಯಲ್ಲಿ ಯಾವುದೇ ಮಾದಕ ಪಾನೀಯ. ‘ಸೈಡರ್ ವಿನೆಗರ್’ ಸಮಾಸಕ್ಕೆ ಪ್ರತ್ಯೇಕ ಪ್ರವೇಶವಿರಬೇಕು. ಪದವನ್ನು ಎರವಲಾಗಿಯೇ ಉಳಿಸಿಕೊಳ್ಳುವುದು ಯುಕ್ತ. ವಿವರಣೆ ಮಾತ್ರ ಕನ್ನಡದ ಅನುಭವದಿಂದ ಬರಬೇಕು. ದ್ವಿಭಾಷಾ ನಿಘಂಟು ಪರಭಾಷೆಯ ಪದಕ್ಕೆ ಸಮಾನಪದವನ್ನು ಹುಡುಕುವ ಮುನ್ನ ಆ ವಸ್ತುವಿನ ಸುತ್ತ ತನ್ನ ಭಾಷೆ ಈಗಾಗಲೇ ಎಳೆದಿರುವ ಗೆರೆಗಳನ್ನು ನೋಡಿಕೊಳ್ಳಬೇಕು. ಬೆಳಗಾವಿ–ಖಾನಾಪುರದ ಮಾತಿನಲ್ಲಿ ಆ ಗೆರೆಗಳು ಸ್ಪಷ್ಟವಾಗಿಯೇ ಇವೆ.