ಇಂಜಿನಿಯರ್ ಹೇಳ್ಯಾನ

2025ರ ಜೂನ್ 12ರ ಮಧ್ಯಾಹ್ನ, ಅಹಮದಾಬಾದಿನಲ್ಲಿ ವಿಮಾನ ಬಿದ್ದ ಸುದ್ದಿ ಬಂದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ತಟ್ಟೆಯಲ್ಲಿ ಅನ್ನ ಇನ್ನೂ ಇತ್ತು, ಅಷ್ಟರಲ್ಲಿ ಚಿತ್ತಾಪುರದಿಂದ ಕಾಕಾನ ಫೋನು. "ತಮ್ಮಾ, ನೀ ಇಂಜಿನಿಯರ್ ಇದ್ದಿ. ಏನಾಗ್ಯಾದ ಹೇಳು."

ನಮ್ಮ ಕಾಕಾನ ಲೆಕ್ಕದಲ್ಲಿ ಇಂಜಿನಿಯರ್ ಅಂದರೆ ಇಂಜಿನಿಯರ್. ಬೋರಿನ ಮೋಟರ್ ಸುಟ್ಟರೂ ನನಗೇ ಫೋನು, ಟಿವಿ ಬರದಿದ್ದರೂ ನನಗೇ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಮಾಡೋದು ಕೋಡ್ ಬರೆಯೋ ಕೆಲಸ. ವಿಮಾನದೊಳಗೆ ಕಿಟಕಿ ಪಕ್ಕದ ಸೀಟು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ. ಆದರೆ ಅಷ್ಟೊತ್ತಿಗೆ ಒಂದು ವಿಡಿಯೋ ನೋಡಿದ್ದೆ. ಯಾರದೋ ಮೊಬೈಲಿನ ಪರದೆಯನ್ನು ಇನ್ನೊಂದು ಮೊಬೈಲಿನಲ್ಲಿ ಹಿಡಿದ ಮಸುಕು ವಿಡಿಯೋ. ಅದರ ಕೆಳಗೆ ಒಬ್ಬರು "ಫ್ಲಾಪ್ ಹಾಕಿಲ್ಲ" ಅಂತ ಬರೆದಿದ್ದರು. ನಾನೂ ಕಾಕಾಗೆ ಅದನ್ನೇ ಗಂಭೀರವಾಗಿ ಹೇಳಿದೆ. "ರೆಕ್ಕೆಗೆ ಫ್ಲಾಪ್ ಅಂತ ಇರ್ತದ ಕಾಕಾ. ಅದನ್ನ ಹಾಕದೇ ಎಬ್ಬಿಸ್ಯಾರ."

ರಾತ್ರಿ ಹನ್ನೊಂದಕ್ಕೆ ನನ್ನ ಶಹಾಬಾದಿನ ಗೆಳೆಯರ ಗ್ರೂಪಿಗೆ ಒಂದು ಮೆಸೇಜು ಬಿತ್ತು. "ಏರೋಪ್ಲೇನ್ ಇಂಜಿನಿಯರ್ ಒಬ್ಬರು ಹೇಳಿದ ಸತ್ಯ: ಪೈಲಟ್ ಫ್ಲಾಪ್ ಹಾಕಲು ಮರೆತಿದ್ದ." ಎಲ್ಲಿಂದ ಬಂತೆಂದು ಕೇಳಿದರೆ ವಾಡಿಯ ಮಾವ ಕಳಿಸಿದ್ದಂತೆ, ಅವರಿಗೆ ಚಿತ್ತಾಪುರದಿಂದ ಬಂದಿದ್ದಂತೆ. ನಾನು ಮಧ್ಯಾಹ್ನ ಬಿಟ್ಟ ಮಾತು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಅಲ್ಲೇ ಬಡ್ತಿಯನ್ನೂ ಪಡೆದು ನನ್ನ ಹತ್ತಿರ ವಾಪಸ್ ಬಂದಿತ್ತು. ಸಾಫ್ಟ್‌ವೇರಿನವನು ಏರೋಪ್ಲೇನಿನವನಾಗಿದ್ದೆ. ಸತ್ತುಹೋದ ಒಬ್ಬ ಪೈಲಟ್ ನನ್ನ ಬಾಯಿಂದ ಅಪರಾಧಿಯಾಗಿದ್ದ.

ಸರಿಯಾಗಿ ಒಂದು ತಿಂಗಳಿಗೆ ವಿಮಾನ ಅಪಘಾತ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಬಂತು. ಸುಟ್ಟ ಅವಶೇಷದಲ್ಲಿ ಫ್ಲಾಪಿನ ಹಿಡಿಕೆ 5 ಡಿಗ್ರಿಯಲ್ಲಿತ್ತು. ಅಂದರೆ ಹಾರುವಾಗ ಎಲ್ಲಿರಬೇಕೋ ಅಲ್ಲೇ ಇತ್ತು. ಹಾರಿದ ಕೆಲವೇ ಸೆಕೆಂಡಿನಲ್ಲಿ ಎರಡೂ ಇಂಜಿನ್ನಿನ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಹೋಗಿದ್ದವು, ಸುಮಾರು ಹತ್ತು ಸೆಕೆಂಡಿನ ಮೇಲೆ ಮತ್ತೆ ಚಾಲೂ ಸ್ಥಿತಿಗೆ ಬಂದಿದ್ದವು. ಅಷ್ಟೊತ್ತಿಗೆ ಎತ್ತರವೇ ಉಳಿದಿರಲಿಲ್ಲ. ವಿಮಾನದೊಳಗಿದ್ದ 242 ಜನರಲ್ಲಿ 241, ನೆಲದ ಮೇಲೆ 19, ಒಟ್ಟು 260 ಜೀವ ಹೋದವು. ನಾನು ಹೇಳಿದ್ದು ಸುಳ್ಳಾಗಿತ್ತು. ಆದರೆ ವರದಿಯನ್ನು ಗ್ರೂಪಿಗೆ ಹಾಕಿದಾಗ ಇಬ್ಬರು ಹೆಬ್ಬೆರಳು ತೋರಿಸಿದರು, ಒಬ್ಬರು ಗುಡ್ ಮಾರ್ನಿಂಗ್ ಅಂದರು, ಅಷ್ಟೇ.

ನಾನೇ ಯಾಕೆ ಹಂಗೆ ಮಾಡಿದೆ ಅಂತ ಯೋಚಿಸುತ್ತಾ ಕೂತಾಗ ಮಂಗಳೂರು ನೆನಪಾಯಿತು. 2010ರ ಮೇ 22ರ ಶನಿವಾರ. ನಾನಾಗ ಬಿಇ ಓದುತ್ತಿದ್ದೆ. ಬೆಳಿಗ್ಗೆ ಆರರ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು ಸುಟ್ಟಿತು. ಒಳಗಿದ್ದ 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಟಿವಿ ಮುಂದೆ ಕೂತ ನಮಗೆ ಮಧ್ಯಾಹ್ನದೊಳಗೆ ಎರಡು ಕಾರಣ ಸಿಕ್ಕಿಬಿಟ್ಟಿದ್ದವು. ಒಂದು, ಗುಡ್ಡದ ತಲೆ ಸವರಿ ಮಾಡಿದ ಟೇಬಲ್‌ಟಾಪ್ ರನ್‌ವೇ ಗಿಡ್ಡ. ಎರಡು, ಪೈಲಟ್ ಪರದೇಶದವನು, ಅವನಿಗೆ ನಮ್ಮ ಜಾಗ ಗೊತ್ತಿಲ್ಲ. ಹಾಸ್ಟೆಲಿನಲ್ಲಿ ನಾವು ಎರಡು ಪಾರ್ಟಿಯಾಗಿ ವಾದ ಮಾಡಿದ್ದೂ ಆಯಿತು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಬೇರೆಯದೇ ಚಿತ್ರ ಕೊಟ್ಟಿತು. ಕ್ಯಾಪ್ಟನ್ನಿಗೆ ಹತ್ತು ಸಾವಿರ ಗಂಟೆಗೂ ಮಿಕ್ಕಿ ಹಾರಾಟದ ಅನುಭವ ಇತ್ತು, ಮಂಗಳೂರಿನಲ್ಲಿ ಹಿಂದೆ ಹಲವು ಸಲ ಇಳಿದಿದ್ದರು. ರನ್‌ವೇ 2,450 ಮೀಟರ್, ಅಂದರೆ 8,000 ಅಡಿಗಿಂತ ತುಸು ಹೆಚ್ಚು. ಆ ವಿಮಾನಕ್ಕೆ ಅದು ಸಾಕು. ಆದರೆ ಅವತ್ತು ಚಕ್ರ ನೆಲ ಹಿಡಿದದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಯಾಕೆ? ಕಾಕ್‌ಪಿಟ್ಟಿನ ರೆಕಾರ್ಡರಿನಲ್ಲಿದ್ದ 2 ಗಂಟೆ 5 ನಿಮಿಷದಲ್ಲಿ ಮೊದಲ 1 ಗಂಟೆ 40 ನಿಮಿಷ ಪೈಲಟ್‌ಗಳ ನಡುವೆ ಮಾತಿಲ್ಲ, ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಅತ್ತ ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಇಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. ನಿದ್ದೆಯ ಮಂಪರಿನಲ್ಲೇ, ಇರಬೇಕಾದ್ದಕ್ಕಿಂತ ಬಹಳ ಎತ್ತರದಿಂದ ವಿಮಾನವನ್ನು ಇಳಿಸತೊಡಗಿದರು. ಸಹ ಪೈಲಟ್ ಮೂರು ಸಲ "ಗೋ ಅರೌಂಡ್", ಅಂದರೆ ಮೇಲೇರಿ ಇನ್ನೊಂದು ಸುತ್ತು ಹಾಕೋಣ ಅಂದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ನೆಲ ಮುಟ್ಟಿದ ಮೇಲೂ ಗಟ್ಟಿ ಬ್ರೇಕ್ ಹಿಡಿದಿದ್ದರೆ ನಿಲ್ಲುತ್ತಿತ್ತು. ಆದರೆ ಕ್ಯಾಪ್ಟನ್ ಕೊನೇ ಗಳಿಗೆಯಲ್ಲಿ ಮತ್ತೆ ಎಬ್ಬಿಸಲು ನೋಡಿದರು.

ಹಂಗಾದರೆ ತಪ್ಪು ಪೈಲಟ್‌ದೇ ಆಯಿತಲ್ಲ, ಮೊದಲ ದಿನ ನಾವು ಹೇಳಿದ್ದೂ ಅದನ್ನೇ ಅಲ್ಲವೇ ಅಂತ ನೀವು ಕೇಳಬಹುದು. ಅಲ್ಲ. ನಾವು ಹೇಳಿದ್ದು "ಪರದೇಶದವನು" ಅಂತ. ವರದಿ ಹೇಳಿದ್ದು ನಿದ್ದೆಯ ಬಗ್ಗೆ, ಮತ್ತು ಹಿರಿಯನ ಕೈಯಿಂದ ಹಿಡಿಕೆ ಕಸಿದುಕೊಳ್ಳಲಾರದ ಕಿರಿಯನ ಬಗ್ಗೆ. ಪರದೇಶದವನು ಅನ್ನೋದರಿಂದ ಕಲಿಯೋದಕ್ಕೆ ಏನೂ ಇಲ್ಲ, ಬೈಯೋದಕ್ಕೆ ಮಾತ್ರ ಇದೆ. ಮನೆಯಲ್ಲಿ ಅಪ್ಪನ ಎದುರು, ಆಫೀಸಿನಲ್ಲಿ ಮ್ಯಾನೇಜರ್ ಎದುರು "ಬ್ಯಾಡ್ರಿ, ಇದು ತಪ್ಪಾಗ್ತದ" ಅಂತ ಮೂರು ಸಲ ಹೇಳಿ ಸುಮ್ಮನಾದ ಎಲ್ಲರಿಗೂ ಎರಡನೆಯದರಲ್ಲಿ ಪಾಠ ಇದೆ. ಮೊದಲ ದಿನದ ತಪ್ಪು ಉತ್ತರ ಮಾಡುವ ನಿಜವಾದ ನಷ್ಟ ಇದು. ಅದು ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ. ಖರೆ ಉತ್ತರ ಬರುವ ಹೊತ್ತಿಗೆ ಕೇಳೋರು ಎದ್ದು ಹೋಗಿರುತ್ತಾರೆ.

ಇಂಟರ್ನೆಟ್ ಇಲ್ಲದ ಕಾಲವೂ ಬೇರೆ ಇರಲಿಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ, ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸಿನ ಎ320 ನೆಲಕ್ಕೆ ಅಪ್ಪಳಿಸಿ 92 ಜನ ಸತ್ತರು. ಅದು ಆಗಷ್ಟೇ ಬಂದ, ಕಂಪ್ಯೂಟರ್ ನಡೆಸುವ ಹೊಸ ವಿಮಾನ. ಕಂಪ್ಯೂಟರೇ ಕೊಂದಿತು ಅನ್ನೋ ಮಾತು ಎದ್ದಿತು, ಸರ್ಕಾರ ಆ ಜಾತಿಯ ವಿಮಾನಗಳನ್ನೆಲ್ಲ ನೆಲಕ್ಕೆ ಇಳಿಸಿ ನಿಲ್ಲಿಸಿತು. ತನಿಖೆಯಲ್ಲಿ ಕಂಡದ್ದು, ಇಂಜಿನ್ ಪೂರಾ ತಗ್ಗಿದ ಸ್ಥಿತಿಯಲ್ಲಿ ಇಳಿಯುತ್ತಾ ವೇಗ ಕುಸಿಯುತ್ತಿದ್ದುದು ಪೈಲಟ್‌ಗಳ ಗಮನಕ್ಕೆ ತಡವಾಗಿ ಬಂತು ಎಂಬುದು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ದಿನದ ಊಹೆ ಯಾವಾಗಲೂ ಕಣ್ಣಿಗೆ ಬೀಳುವುದನ್ನೇ ಆರಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಹೊಸ ಕಂಪ್ಯೂಟರ್, ಮಂಗಳೂರಿನಲ್ಲಿ ಗುಡ್ಡ ಮತ್ತು ಪರದೇಶದ ಹೆಸರು, ಅಹಮದಾಬಾದಿನಲ್ಲಿ ಮಸುಕು ವಿಡಿಯೋದ ರೆಕ್ಕೆ. ನಿದ್ದೆ ವಿಡಿಯೋದಲ್ಲಿ ಕಾಣೋದಿಲ್ಲ. ಸ್ವಿಚ್ ಕಾಣೋದಿಲ್ಲ. ಕಾಣದ್ದನ್ನು ಹೊರತೆಗೆಯಲಿಕ್ಕೇ ಬ್ಲ್ಯಾಕ್ ಬಾಕ್ಸ್ ಇರುವುದು, ಅದನ್ನು ಹುಡುಕಿ ಓದಲಿಕ್ಕೆ ದಿನಗಳು ಬೇಕು. ಕಾಯಲಾರದವರು ಕಾಣಿಸದಿದ್ದರೂ ತೋರಿಸುತ್ತಾರೆ. 2009ರಲ್ಲಿ ಏರ್ ಫ್ರಾನ್ಸಿನ ವಿಮಾನ ಅಟ್ಲಾಂಟಿಕ್ ಸಮುದ್ರಕ್ಕೆ ಬಿದ್ದಾಗ, "ಲಾಸ್ಟ್" ಎಂಬ ಧಾರಾವಾಹಿಯ ಚಿತ್ರಗಳನ್ನೇ ಕೊನೇ ಕ್ಷಣದ ಫೋಟೋ ಅಂತ ಬೊಲಿವಿಯಾದ ಒಂದು ಟಿವಿ ತೋರಿಸಿತ್ತು.

ನನ್ನ ಕಸುಬಿನಲ್ಲೂ ಇದೇ ರೋಗ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಒಂದು ರಾತ್ರಿ ಸರ್ವರ್ ಬಿದ್ದಿತು. ಸಂಜೆ ಕೊನೆಯದಾಗಿ ಕೋಡ್ ಹಾಕಿದ್ದು ಆಗಷ್ಟೇ ಸೇರಿದ ಒಬ್ಬ ಹುಡುಗಿ. ಎಲ್ಲರ ಕಣ್ಣಿಗೆ ಬಿದ್ದಿದ್ದು ಅದೊಂದೇ. "ಅವಳ ಬದಲಾವಣೆ ವಾಪಸ್ ತೆಗೀರಿ" ಅಂತ ಮೊದಲು ಬರೆದವನು ನಾನೇ. ಬೆಳಗಿನ ಜಾವ ಲಾಗ್ ತೆಗೆದು ಓದಿದರೆ ಅವಧಿ ಮುಗಿದ ಒಂದು ಸರ್ಟಿಫಿಕೇಟ್ ಕಾರಣವಾಗಿತ್ತು, ಅವಳ ಕೋಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವಳು ರಾತ್ರಿಯಿಡೀ ಅತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು. ಲಾಗ್ ಓದದೆ ಕಾರಣ ಹೇಳಬಾರದು ಅಂತ ಹೊಸಬರಿಗೆ ಪಾಠ ಮಾಡುವ ನಾನು, ಕಾಕಾನ ಫೋನಿಗೆ ಲಾಗ್ ಇಲ್ಲದೇ ತೀರ್ಪು ಕೊಟ್ಟಿದ್ದೆ.

ಅಷ್ಟಕ್ಕೇ ಮುಗಿದರೆ ಪುಣ್ಯ. ಚಿಂಚೋಳಿಯ ಆಚೆ, ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈನಲ್ಲಿ ಏನಾಯಿತೆಂದು ನಮ್ಮ ಭಾಗದವರು ಮರೆತಿಲ್ಲ. ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಅವರು ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು, ಅಷ್ಟೇ. ಅಲ್ಲೂ ಕಂಡದ್ದು ಎರಡೇ: ಅಪರಿಚಿತ ಕಾರು, ಚಾಕಲೇಟು. ಉಳಿದದ್ದನ್ನು ವಾಟ್ಸ್ಯಾಪ್ ತುಂಬಿತು. ಅದೇ ತಿಂಗಳು ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಜನಕ್ಕೆ ಫಾರ್ವರ್ಡ್ ಅನ್ನೋ ಮಿತಿ ತಂದಿತು. ನನ್ನ ಫ್ಲಾಪಿನ ಮಾತು ಆ ಐದರ ಬಾಗಿಲಲ್ಲೇ ದಾಟಿಹೋಗಿದೆ.

ಹಂಗಂತ ತಪ್ಪೆಲ್ಲ ಜನರದ್ದೇ ಅಂತ ಹೇಳಿ ಕೈತೊಳೆಯಲಾಗದು. ಬಾವಿ ಬತ್ತಿದರೆ ಜನ ಹೊಂಡದ ನೀರೇ ಕುಡೀತಾರೆ. ಅಮೆರಿಕದಲ್ಲಿ ದೊಡ್ಡ ಅಪಘಾತವಾದರೆ ತನಿಖಾ ಮಂಡಳಿಯವರೇ ಮೊದಲ ಕೆಲವು ದಿನ ಪತ್ರಕರ್ತರ ಮುಂದೆ ನಿಂತು ಇಷ್ಟು ಗೊತ್ತಾಗಿದೆ, ಇಷ್ಟು ಗೊತ್ತಾಗಿಲ್ಲ ಅಂತ ಹೇಳುತ್ತಾರೆ. ನಮ್ಮಲ್ಲಿ ಪ್ರಾಥಮಿಕ ವರದಿ ಬಂದದ್ದು ನಡುರಾತ್ರಿ. ಅದರಲ್ಲೂ ಒಬ್ಬ ಪೈಲಟ್ ಇನ್ನೊಬ್ಬರಿಗೆ ಇಂಧನ ಯಾಕೆ ನಿಲ್ಲಿಸಿದಿರಿ ಅಂತ ಕೇಳಿದ್ದು, ಇನ್ನೊಬ್ಬರು ನಾನು ನಿಲ್ಲಿಸಿಲ್ಲ ಅಂದದ್ದು, ಇಷ್ಟನ್ನು ಸಾರಾಂಶವಾಗಿ ಹಾಕಿ, ಯಾರು ಕೇಳಿದರು ಅನ್ನೋದನ್ನು ಬಿಟ್ಟರು. ಮರುದಿನವೇ ಹೊಸ ಊಹೆಗಳ ಜಾತ್ರೆ ಶುರುವಾಯಿತು. ಸ್ವಿಚ್ ಯಾಕೆ ಸರಿಯಿತು ಅನ್ನೋದಕ್ಕೆ ಆ ವರದಿಯಲ್ಲಿ ಉತ್ತರ ಇಲ್ಲ. ಇಲ್ಲದ್ದನ್ನು ಪೈಲಟ್‌ನ ಮನಸ್ಸಿನೊಳಗೆ ಹೊಕ್ಕು ಹೇಳುವವರಿಗೆ ಒಂದೇ ಮಾತು: ಅವರ ಮನೆಯಲ್ಲೂ ಫೋನ್ ಇದೆ, ಅವರೂ ಓದುತ್ತಾರೆ.

ಸೇಡಂ ರಸ್ತೆಯಲ್ಲಿ ನಮಗೂ ಈಗ ವಿಮಾನ ನಿಲ್ದಾಣ ಇದೆ, 2019ರಿಂದ. ವಿಮಾನ ನಮಗಿನ್ನು ದೂರದ ಸುದ್ದಿಯಲ್ಲ.

ಮೊನ್ನೆ ಊರಿಗೆ ಹೋದಾಗ ಕಾಕಾನ ಎದುರು ಕೂತು, ಅವತ್ತು ನಾ ಹೇಳಿದ್ದು ಸುಳ್ಳು, ಫ್ಲಾಪ್ ಸರಿಯಾಗೇ ಇತ್ತು ಅಂತ ಹೇಳಿದೆ. ಕಾಕಾ ಚಾದ ಬಟ್ಟಲು ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.

"ಅವತ್ತೇ 'ಗೊತ್ತಿಲ್ಲ ಕಾಕಾ' ಅಂದಿದ್ರ ನಾ ಏನ್ ಬ್ಯಾಡ ಅಂತಿದ್ನೇನು?"