ಕಂಸಾಳೆಯ ಕಂಚಿನ ದನಿಗೆ ಯಾವ ದಾರಿ?

ಒಳ್ಳೆಯ ಸ್ಪೀಕರು, ಒಳ್ಳೆಯ ಆಂಪ್ಲಿಫೈಯರಿಗೆ ಲಕ್ಷಗಟ್ಟಲೆ ಹಣ ಹಾಕಿದವರಿಗೆ ಮುಂದಿನ ಪ್ರಶ್ನೆ ಒಂದೇ: ಹಾಡು ಎಲ್ಲಿಂದ ಬರಬೇಕು? ಸಿ.ಡಿ. ಓದಿ ಅದರ ಅಂಕಿಗಳನ್ನು ಮಾತ್ರ ಹೊರಗೆ ಕೊಡುವ ಟ್ರಾನ್ಸ್‌ಪೋರ್ಟಿನಿಂದಲೋ, ಇಂಟರ್‌ನೆಟ್ ಮೇಲೆ ಹರಿದು ಬರುವ ಸ್ಟ್ರೀಮಿಂಗಿನಿಂದಲೋ? ಆಡಿಯೊ ಪತ್ರಿಕೆಗಳು ಇದನ್ನು ಜಾಜ್ ಪಿಯಾನೊ, ಪಾಶ್ಚಾತ್ಯ ಸಿಂಫನಿಗಳನ್ನು ಇಟ್ಟುಕೊಂಡು ಚರ್ಚಿಸುತ್ತವೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ಯಾವ ಧ್ವನಿ ವ್ಯವಸ್ಥೆಯ ಬಂಡವಾಳವನ್ನಾದರೂ ಬಯಲಿಗೆಳೆಯುವ ವಾದ್ಯ ಇಲ್ಲಿಯೇ ಇದೆ. ಅದು ಮಲೆ ಮಾದೇಶ್ವರನ, ಅಂದರೆ ಮಾದಪ್ಪನ, ಕಥೆ ಹಾಡುವ ಭಕ್ತರಾದ ಗುಡ್ಡರ ಕೈಯ ಕಂಸಾಳೆ.

ಕಂಸಾಳೆಯನ್ನು ಹತ್ತಿರದಿಂದ ಕೇಳಿದವರಿಗೆ ಗೊತ್ತು, ಅದರ ಒಂದು ಪೆಟ್ಟಿನಲ್ಲಿ ಎರಡು ಸಂಗತಿಗಳಿವೆ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಎರಡೂ ತಾಗಿದ ಕ್ಷಣ ಚೂಪಾದ ಹೊಡೆತ. ಅದರ ಬೆನ್ನಿಗೇ ಕಂಚಿನ ಉದ್ದನೆಯ ಝೇಂಕಾರ. ಹಾಡುಗಾರ ಬಟ್ಟಲನ್ನು ತುಸು ಮುಚ್ಚಿದರೆ ಝೇಂಕಾರ ಅಲ್ಲೇ ನಿಲ್ಲುತ್ತದೆ, ತೆರೆದರೆ ಮುಂದಿನ ಪೆಟ್ಟಿನವರೆಗೆ ತೂಗುತ್ತದೆ. ಕಥೆಯ ನಡೆಯನ್ನು ಹಿಡಿದಿಡುವುದು ಈ ಮುಚ್ಚುವ ತೆರೆಯುವ ಕೆಲಸವೇ. ಬೀಸು ಕಂಸಾಳೆಯ ಕುಣಿತದಲ್ಲಂತೂ ತಾಳಗಳು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ತಾಳದ ಮೇಲೆ ಓಡಾಡುವುದರಿಂದ ದನಿ ಒಂದೆಡೆ ನಿಲ್ಲುವುದೇ ಇಲ್ಲ.

ದಾರಿ ಯಾವುದೇ ಇರಲಿ, ಹಾಡು ಎಂಪಿ3 ಫೈಲಾಗಿದ್ದರೆ ಸೋಲುವುದು ಇಲ್ಲಿಯೇ. ಎಂಪಿ3 ಧ್ವನಿಯನ್ನು 1152 ಮಾದರಿಗಳ (ಸ್ಯಾಂಪಲ್) ತುಂಡುಗಳಾಗಿ ಕತ್ತರಿಸಿ ಸಂಕುಚಿಸುತ್ತದೆ, ಸಿ.ಡಿ.ಯ ವೇಗದಲ್ಲಿ ಒಂದು ತುಂಡೆಂದರೆ ಸುಮಾರು 26 ಮಿಲಿಸೆಕೆಂಡು. ತುಂಡಿನ ನಡುವೆ ಎಲ್ಲೋ ಕಂಸಾಳೆಯ ಪೆಟ್ಟು ಬಿದ್ದರೆ, ಸಂಕುಚನದ ದೋಷ ತುಂಡಿನ ಉದ್ದಕ್ಕೂ ಹರಡಿ, ಪೆಟ್ಟು ಬೀಳುವ ಮೊದಲೇ ಒಂದು ಸಣ್ಣ ಸರಬರ ಕೇಳಿಸುತ್ತದೆ. ಅದನ್ನು ತಡೆಯಲು ತುಂಡನ್ನು ಚಿಕ್ಕದು ಮಾಡಿಕೊಳ್ಳುವ ಉಪಾಯ ಎನ್‌ಕೋಡರಿನಲ್ಲಿ ಇದೆಯಾದರೂ 128 ಕೆಬಿಪಿಎಸ್‌ನಷ್ಟು ಕಡಿಮೆ ದರದಲ್ಲಿ ಅದು ಸಾಲದು. ಸಾಲದ್ದಕ್ಕೆ ಆ ದರದಲ್ಲಿ 16 ಕಿಲೊಹರ್ಟ್ಸ್‌ನ ಮೇಲಿನದ್ದನ್ನು ಬಹುತೇಕ ಎನ್‌ಕೋಡರುಗಳು ಕತ್ತರಿಸಿಯೇ ಬಿಡುತ್ತವೆ. ಉಳಿಯುವುದು ತಗಡಿನ ಸದ್ದು. ಇಂಥ ಫೈಲನ್ನು ಫೋನಿನಿಂದ ಬ್ಲೂಟೂತ್ ಮೂಲಕ ಕಳಿಸಿದರೆ ಅದು ಇನ್ನೊಮ್ಮೆ ಸಂಕುಚನಗೊಂಡು ಬರುತ್ತದೆ. ಲಕ್ಷ ರೂಪಾಯಿಯ ಸ್ಪೀಕರು ಆ ತಗಡಿನ ಸದ್ದನ್ನೇ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೆ.

ಈಗ ಟ್ರಾನ್ಸ್‌ಪೋರ್ಟಿಗೆ ಬರೋಣ. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿಗೆ 16 ಬಿಟ್, ಎರಡು ಚಾನೆಲ್. ಒಟ್ಟು 1,411 ಕೆಬಿಪಿಎಸ್, ಯಾವ ಸಂಕುಚನವೂ ಇಲ್ಲದೆ. ಟ್ರಾನ್ಸ್‌ಪೋರ್ಟ್ ಎಂದರೆ ಈ ಅಂಕಿಗಳನ್ನು ಓದಿ ಕೊಯಾಕ್ಸಿಯಲ್ ಅಥವಾ ಆಪ್ಟಿಕಲ್ ತಂತಿಯಲ್ಲಿ ಕಳಿಸುವ ಯಂತ್ರ. ಅಂಕಿಯನ್ನು ದನಿಯಾಗಿಸುವ ಕೆಲಸ ಹೊರಗಿನ ಡ್ಯಾಕ್‌ನದು. ತಟ್ಟೆಯ ಮೇಲಿನ ಅತಿ ಸಣ್ಣ ಗುಳಿಯ ಉದ್ದ ಒಂದು ಮೈಕ್ರಾನಿಗಿಂತಲೂ ಕಡಿಮೆ, ಸಾಲಿನಿಂದ ಸಾಲಿಗೆ ಅಂತರ 1.6 ಮೈಕ್ರಾನ್. ಇಷ್ಟು ಸೂಕ್ಷ್ಮವಾದದ್ದನ್ನು ಲೇಸರ್ ತಪ್ಪಿಲ್ಲದೆ ಓದೀತೇ ಎಂಬ ಅನುಮಾನ ಸಹಜ. ಆದರೆ ದತ್ತಾಂಶವನ್ನು ಹೆಣೆದು ಬರೆದಿರುವುದರಿಂದ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಗೀರು ಬಿದ್ದರೂ ಕಳೆದುಹೋದ ಬಿಟ್‌ಗಳನ್ನು ಯಂತ್ರ ಲೆಕ್ಕಹಾಕಿ ಪೂರ್ತಿಯಾಗಿ ಮರಳಿ ಪಡೆಯಬಲ್ಲದು. ಹೀಗಾಗಿ ಚೊಕ್ಕಟವಾದ ತಟ್ಟೆಯ ಮಟ್ಟಿಗೆ ಮೂವತ್ತು ಸಾವಿರದ ಟ್ರಾನ್ಸ್‌ಪೋರ್ಟೂ ಮೂರು ಲಕ್ಷದ ಟ್ರಾನ್ಸ್‌ಪೋರ್ಟೂ ಹೊರಗೆ ಕೊಡುವ ಅಂಕಿಗಳು ಒಂದೇ. ದುಬಾರಿ ಯಂತ್ರ ಅಂಕಿಗಳಿಗೆ ಜೀವ ತುಂಬುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಕಾಗಿಲ್ಲ.

ಸ್ಟ್ರೀಮಿಂಗಿನ ವಿರುದ್ಧ ಹೇಳುವ ಮಾತುಗಳಲ್ಲೂ ಇಷ್ಟೇ ಹುಸಿ ಇದೆ. ನೆಟ್‌ವರ್ಕಿನಲ್ಲಿ ಬರುವಾಗ ಹಾಡು ಸವೆಯುತ್ತದೆ ಎನ್ನುತ್ತಾರೆ. ಆದರೆ ಪ್ಯಾಕೆಟ್ ಕಳೆದುಹೋದರೆ ಮತ್ತೆ ತರಿಸಿಕೊಳ್ಳುವ ಏರ್ಪಾಡು ಇಂಟರ್‌ನೆಟ್ಟಿನ ಬುಡದಲ್ಲೇ ಇದೆ. ಹಾಡು ಮೊದಲು ಬಫರಿನಲ್ಲಿ ತುಂಬಿ, ಆಮೇಲೆ ಡ್ಯಾಕ್‌ಗೆ ಹೋಗುತ್ತದೆ. ಸಮಯದ ಲೆಕ್ಕದಲ್ಲಂತೂ ಸ್ಟ್ರೀಮರಿಗೇ ತುಸು ಮೇಲುಗೈ. ಟ್ರಾನ್ಸ್‌ಪೋರ್ಟ್ ಇದ್ದಾಗ ಮಾದರಿಗಳಿಗೆ ತಾಳ ಹಾಕುವ ಗಡಿಯಾರ ಅದರೊಳಗಿರುತ್ತದೆ, ತಂತಿಯಲ್ಲಿ ಬಂದ ಸಂಕೇತದಿಂದ ಡ್ಯಾಕ್ ಆ ತಾಳವನ್ನು ಊಹಿಸಿಕೊಳ್ಳಬೇಕು. ಸ್ಟ್ರೀಮರ್ ಮತ್ತು ಡ್ಯಾಕ್ ಒಂದೇ ಪೆಟ್ಟಿಗೆಯಲ್ಲಿದ್ದರೆ, ಇಲ್ಲವೇ ಅಸಿಂಕ್ರೊನಸ್ ಯುಎಸ್‌ಬಿಯಲ್ಲಿ ಜೋಡಿಸಿದ್ದರೆ, ಗಡಿಯಾರ ಡ್ಯಾಕ್‌ನ ಬಳಿಯಲ್ಲೇ ಇರುತ್ತದೆ. ಇಂದಿನ ಒಳ್ಳೆಯ ಡ್ಯಾಕ್‌ಗಳು ಎರಡೂ ಕಡೆಯ ಗಡಿಯಾರದ ಅಲುಗಾಟವನ್ನು ಕಿವಿಗೆ ಬೀಳದಷ್ಟು ತಗ್ಗಿಸುತ್ತವೆ. ಒಂದೇ ಮಾಸ್ಟರಿನ ನಷ್ಟರಹಿತ ಫೈಲು ಮತ್ತು ಸಿ.ಡಿ.ಯನ್ನು ಒಂದೇ ಡ್ಯಾಕ್‌ಗೆ ಕೊಟ್ಟು, ದನಿಯ ಗಟ್ಟಿತನವನ್ನು ಸರಿಸಮ ಮಾಡಿ ಕೇಳಿದರೆ ನನಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುತ್ತದೆ ಎನ್ನುವವರು ಕಣ್ಣುಮುಚ್ಚಿ ಕೇಳಿ ನೋಡಲಿ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ದೊಡ್ಡದಾಗಿಯೇ ಇದೆ. ಅದು ಯಂತ್ರದಲ್ಲಿಲ್ಲ, ನಮ್ಮ ಕೈಗೆ ಬರುವ ಪ್ರತಿಯಲ್ಲಿದೆ.

ಆ್ಯಪಲ್ ಮ್ಯೂಸಿಕ್ 2021ರಲ್ಲಿ ಹೆಚ್ಚಿನ ಶುಲ್ಕ ಕೇಳದೆ ನಷ್ಟರಹಿತ ಧ್ವನಿ ಕೊಡಲು ಶುರುಮಾಡಿತು. ಆದರೆ ನಷ್ಟರಹಿತ ಎಂಬ ಮುದ್ರೆ ಪೆಟ್ಟಿಗೆಗೆ ಸೇರಿದ್ದು, ಒಳಗಿನ ಸರಕಿನ ಗುಣವನ್ನು ಅದು ಹೇಳುವುದಿಲ್ಲ. ಮಾದಪ್ಪನ ಪದಗಳು, ಮಂಟೇಸ್ವಾಮಿ ಕಥೆಗಳು, ಸಿದ್ದಪ್ಪಾಜಿ ಪವಾಡಗಳು ಬಹುಕಾಲ ಹರಡಿದ್ದು ಕ್ಯಾಸೆಟ್ಟಿನಲ್ಲಿ. ಆ ಕ್ಯಾಸೆಟ್ಟಿನಿಂದ ಎತ್ತಿದ ದನಿಯೇ ಎಷ್ಟೋ ಕಡೆ ಸಿ.ಡಿ. ಆಯಿತು, ಅದೇ ಮುಂದೆ ಫೈಲೂ ಆಯಿತು. ಟೇಪಿನ ಬುಸುಗುಟ್ಟುವಿಕೆ ಕೇಳಿಸುವ, ಮೇಲುಸ್ತರದ ಕಂಚೆಲ್ಲ ಉದುರಿಹೋದ ಪ್ರತಿಯನ್ನು 24 ಬಿಟ್‌ನಲ್ಲಿ ಕಳಿಸಿದರೂ ಉದುರಿದ್ದು ಮರಳಿ ಬರದು. ಜಾತ್ರೆಯ ಅಂಗಡಿಗಳಲ್ಲಿ ಒಂದು ಕಾಲಕ್ಕೆ ರಾಶಿ ಬಿದ್ದಿರುತ್ತಿದ್ದ ನೂರು ಹಾಡಿನ ತಟ್ಟೆಗಳಂತೂ ಸಿ.ಡಿ.ಯ ವೇಷ ಹಾಕಿದ ಎಂಪಿ3ಗಳು. ದುಬಾರಿ ಟ್ರಾನ್ಸ್‌ಪೋರ್ಟುಗಳಲ್ಲಿ ಹಲವು ಅವನ್ನು ಓದುವುದೇ ಇಲ್ಲ. ಶುದ್ಧ ಆಡಿಯೊ ಸಿ.ಡಿ. ಮಾತ್ರ ಓದುವಂತೆ ಆ ಯಂತ್ರಗಳನ್ನು ಕಟ್ಟಿರುತ್ತಾರೆ. ಕೊಳ್ಳುವ ಮೊದಲು ಮನೆಯ ಕಪಾಟಿನಲ್ಲಿ ಇರುವುದೇನು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕು ಕಥೆಯ ಉದ್ದದ್ದು. ಮಾದೇಶ್ವರ ಕಾವ್ಯ ರಾತ್ರಿಯಿಡೀ ಹಾಡುವಂಥದ್ದು. ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು ಅದು ಸಾಲುಸಾಲಾಗಿ ಸಾಗುತ್ತದೆ. ಮುಂದಾಳು ಹಾಡಿದ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುವಾಗ ನಡುವೆ ಉಸಿರಿಗೂ ಬಿಡುವಿಲ್ಲ. ಆಡಿಯೊ ಸಿ.ಡಿ. ಒಂದು ತಟ್ಟೆಗೆ 74 ನಿಮಿಷವಾದರೂ ಟ್ರ್ಯಾಕಿನಿಂದ ಟ್ರ್ಯಾಕಿಗೆ ತಡೆಯಿಲ್ಲದೆ ಹಾಯುತ್ತದೆ. ಸ್ಟ್ರೀಮಿಂಗಿನಲ್ಲಿ ಇದಕ್ಕೆ ಸೇವೆಯೂ ಯಂತ್ರವೂ ಎರಡೂ ಒಪ್ಪಬೇಕು. ಒಪ್ಪದಿದ್ದರೆ ಸಂಕಮ್ಮನ ಗೋಳಿನ ನಡುವೆಯೇ ದನಿ ಕಡಿದುಹೋಗುತ್ತದೆ. ಷಫಲ್ ಒತ್ತಿಬಿಟ್ಟರೆ ಕಥೆಯೇ ಹಾಳು. ಉಚಿತ ಸೇವೆಯಲ್ಲಿ ನಡುವೆ ಜಾಹೀರಾತೂ ಬರುತ್ತದೆ. ಸೋಲಿಗರ ಹೆಣ್ಣು ಸಂಕಮ್ಮನ ಆ ಸಂಕಟವನ್ನು ಹೀಗೆ ತುಂಡರಿಸಿ ಕೇಳುವುದು ಕೇಳಿದಂತಲ್ಲ.

ಹಾಡಿದವರ ಹೆಸರಿನ ಪ್ರಶ್ನೆಯನ್ನು ನಾನು ಧ್ವನಿಯ ಗುಣದಷ್ಟೇ ಮುಖ್ಯವೆಂದು ಭಾವಿಸುತ್ತೇನೆ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯವನ್ನು ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದಾಗ ಹಾಡಿದವರ ಹೆಸರು ಪುಸ್ತಕದಲ್ಲಿ ಉಳಿಯಿತು. ಒಳ್ಳೆಯ ಸಿ.ಡಿ.ಯ ಒಳಕಾಗದದಲ್ಲೂ ಮುಂದಾಳು ಯಾರು, ಹಿಮ್ಮೇಳ ಯಾರದು ಎಂದು ಅಚ್ಚಾಗಿರುತ್ತದೆ. ಸ್ಟ್ರೀಮಿಂಗಿನಲ್ಲಿ ಅದೇ ಹಾಡು ಎಷ್ಟೋ ಸಲ ಕಂಪನಿಯ ಹೆಸರು, ಯಾವುದೋ ದೇವರ ಪಟ, ಎರಡಕ್ಕೇ ಮುಗಿಯುತ್ತದೆ. ಹಾಡಿದವರು ಯಾರೆಂದು ತಿಳಿಯದ ದನಿಯನ್ನು ಎಷ್ಟು ಚೆನ್ನಾಗಿ ಕೇಳಿಸಿಕೊಂಡರೂ ಅರ್ಧ ಕೇಳಿದಂತೆಯೇ.

ಸ್ಟ್ರೀಮಿಂಗಿನಲ್ಲಿ ಇಂದು ಇದ್ದದ್ದು ನಾಳೆ ಇರುತ್ತದೆ ಎಂಬ ಖಾತರಿಯೂ ಇಲ್ಲ. 1996ರ ‘ಜನುಮದ ಜೋಡಿ’ಯಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ, ಮಾದಪ್ಪನ ಕೋಲುಮಂಡೆಯ ಪದ ಇಡೀ ನಾಡಿಗೆ ಹಬ್ಬಿತು. ಅದರ ಕ್ಯಾಸೆಟ್ಟು ಇಟ್ಟುಕೊಂಡವರ ಮನೆಯಲ್ಲಿ ಅದು ಇಂದಿಗೂ ಇದೆ. ಅದೇ ಪದವನ್ನು ಚಂದನ್ ಶೆಟ್ಟಿ 2020ರಲ್ಲಿ ರ‍್ಯಾಪ್ ಮಾಡಿದಾಗ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರಿಂದ ಆಕ್ಷೇಪ ಬಂತು, ಅವರು ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬಿನಿಂದ ಹೋಯಿತು. ಭಕ್ತರ ನೋವು ನ್ಯಾಯವಾದದ್ದೇ. ಆದರೆ ಆಕ್ಷೇಪಕ್ಕೆ ಮಣಿದು ಒಂದು ಹಾಡು ಮರೆಯಾಗುವಷ್ಟೇ ಸುಲಭವಾಗಿ, ಪರವಾನಗಿ ಮುಗಿದೋ, ಕಂಪನಿ ಮುಚ್ಚಿಯೋ ಬೇರೆ ನೂರು ಹಾಡುಗಳು ಸದ್ದಿಲ್ಲದೆ ಮರೆಯಾಗಬಹುದು ಎಂಬುದನ್ನು ಕೇಳುಗರು ನೆನಪಿಡಬೇಕು.

ಇನ್ನು ಊರಿನ ಸ್ಥಿತಿ. ಕೊಳ್ಳೇಗಾಲ ಪೇಟೆಯಲ್ಲಿ ಸ್ಟ್ರೀಮಿಂಗಿಗೆ ಅಡ್ಡಿಯಿಲ್ಲ, ಸಿ.ಡಿ. ಗುಣದ ಹಾಡಿಗೆ ಬೇಕಾದ ವೇಗ ಫೈಬರಿನಲ್ಲಿ ಧಾರಾಳವಾಗಿ ಸಿಗುತ್ತದೆ. ಹನೂರು ದಾಟಿ ಮಾದಪ್ಪನ ಬೆಟ್ಟದ ಕಡೆ ಹೋದಂತೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ಕಡೆ ಹತ್ತಿದಂತೆ, ಸಿಗ್ನಲ್ಲಿನ ಮಾತೇ ಬೇರೆ. ಅಲ್ಲಿ ತಟ್ಟೆಯೋ ಪೆನ್‌ಡ್ರೈವೋ ಇದ್ದರೆ ಮಾತ್ರ ಹಾಡು. ಆದರೆ ಟ್ರಾನ್ಸ್‌ಪೋರ್ಟಿಗೂ ಅದರದೇ ಶತ್ರುಗಳಿದ್ದಾರೆ. ಕೆಮ್ಮಣ್ಣಿನ ಧೂಳು ಲೇಸರ್ ಮಸೂರದ ಮೇಲೆ ಕೂರುತ್ತದೆ. ಪಿಕಪ್ ಸವೆದರೆ ಹಳೆಯ ಮಾದರಿಗೆ ಬಿಡಿಭಾಗ ಹುಡುಕುವುದು ಕಷ್ಟ. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳ ಬಣ್ಣದ ಪದರ ಬಿಸಿಲು, ಸೆಕೆಗೆ ಕೆಡುತ್ತದೆ. ಕರೆಂಟಿನ ಏರಿಳಿತಕ್ಕೆ ಎರಡು ಯಂತ್ರಗಳೂ ಸಮಾನವಾಗಿ ಬಲಿಯಾಗುತ್ತವೆ, ಅದಕ್ಕೆ ಒಂದು ಒಳ್ಳೆಯ ಸ್ಟೆಬಿಲೈಜರ್ ಸಾಕು.

ನನ್ನ ತೀರ್ಪು ಹೀಗಿದೆ. ಹಣವಿದ್ದರೆ ಮೊದಲು ಸ್ಪೀಕರಿಗೆ, ಕೋಣೆಯ ಪ್ರತಿಧ್ವನಿ ತಗ್ಗಿಸುವುದಕ್ಕೆ, ಆಮೇಲೆ ಡ್ಯಾಕ್‌ಗೆ ಹಾಕಿ. ಇನ್ನೂರು ಮುನ್ನೂರು ಒಳ್ಳೆಯ ಸಿ.ಡಿ. ಇರುವವರು ಮಧ್ಯಮ ಬೆಲೆಯ ಟ್ರಾನ್ಸ್‌ಪೋರ್ಟ್ ಕೊಂಡರೆ ತಪ್ಪಿಲ್ಲ. ಒಂದು ತಟ್ಟೆ ಹಾಕಿ ಮುಗಿಯುವವರೆಗೆ ಕೂತು ಕೇಳುವ ಅಭ್ಯಾಸಕ್ಕೇ ಅದು ಬೆಲೆಬಾಳುತ್ತದೆ. ಸಿ.ಡಿ.ಗಳೇ ಇಲ್ಲದವರು ಧ್ವನಿ ಮೇಲಾಗುತ್ತದೆಂದು ನಂಬಿ ಟ್ರಾನ್ಸ್‌ಪೋರ್ಟ್ ಕೊಳ್ಳುವುದು ವ್ಯರ್ಥ. ಹೊಸ ಸಂಗೀತ ಹುಡುಕುವುದಕ್ಕೆ ಸ್ಟ್ರೀಮಿಂಗಿಗೆ ಸಾಟಿಯಿಲ್ಲ, ಆದರೆ ತಂತಿಯಲ್ಲೋ ವೈಫೈಯಲ್ಲೋ ನಷ್ಟರಹಿತವಾಗಿ ಕೇಳಿ, ಬ್ಲೂಟೂತನ್ನು ಅಡುಗೆಮನೆಗೆ ಬಿಡಿ. ನಮ್ಮ ಸೀಮೆಯ ಹಾಡುಗಳ ಮಟ್ಟಿಗೆ ಎರಡಕ್ಕಿಂತಲೂ ಮೇಲಾದ ಮೂರನೆಯ ದಾರಿ ಇದೆ: ಇರುವ ಸಿ.ಡಿ.ಯನ್ನು ತಪ್ಪು ಪರೀಕ್ಷಿಸುವ ತಂತ್ರಾಂಶದಲ್ಲಿ ಫ್ಲಾಕ್ ಎಂಬ ನಷ್ಟರಹಿತ ರೂಪದಲ್ಲಿ ಇಳಿಸಿಕೊಂಡು ಮನೆಯ ಡಿಸ್ಕಿನಿಂದಲೇ ನುಡಿಸುವುದು. ಒಂದು ಗಂಟೆಯ ಸಿ.ಡಿ. ಸುಮಾರು 635 ಎಂಬಿ. ಫ್ಲಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ಸಾಕು, ಒಂದು ಬಿಟ್ಟೂ ಕಳೆಯುವುದಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಊರಿನ ಮೇಳಗಳು ಹಾಡಿದ ಕ್ಯಾಸೆಟ್ಟು, ಸಿ.ಡಿ.ಗಳು ಇನ್ನೂ ಇರಬಹುದು. ಅವನ್ನು ಹೊಸ ಪೇಂಟಿನ ದಿನ ಎಸೆಯಬೇಡಿ. ಇಳಿಸಿಕೊಳ್ಳಿ, ಒಳಕಾಗದದ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿಡಿ, ಹಾಡಿದವರ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆದಿಡಿ, ಒಂದು ಪ್ರತಿಯನ್ನು ಬೇರೆ ಮನೆಯಲ್ಲೂ ಇಡಿ.