ಅಜಾಯಬ್ ಘರ್‌ನ ಯಜಮಾನ ಬಿಟ್ಟುಹೋದ ಕಾಗದಗಳು

ನಮ್ಮ ಉರ್ದು ಶಾಲೆಯ ಮೇಷ್ಟ್ರು ಮ್ಯೂಸಿಯಂಗೆ 'ಅಜಾಯಬ್ ಘರ್' ಎಂದು ಹೇಳಿಕೊಟ್ಟಿದ್ದರು. ಅಚ್ಚರಿಗಳ ಮನೆ. ಮುಂದೆ ಕನ್ನಡ ಶಾಲೆಗೆ ಬಂದಾಗ ಅದೇ 'ವಸ್ತುಸಂಗ್ರಹಾಲಯ' ಆಯಿತು. ಮೊದಲನೆಯ ಹೆಸರಿನಲ್ಲಿ ನೋಡುವವನ ಬೆರಗಿದೆ, ಎರಡನೆಯದರಲ್ಲಿ ಕೂಡಿಟ್ಟವನ ಶ್ರಮವಿದೆ. ವಸ್ತುವನ್ನು ಮಾಡಿದವನು ಮಾತ್ರ ಎರಡರಲ್ಲೂ ಇಲ್ಲ. ಈ ಗೈರುಹಾಜರಿ ಎಷ್ಟು ಹಳೆಯದು, ಎಷ್ಟು ಆಳವಾದದ್ದು ಎಂಬುದು ಲಾಹೋರಿನ ಅಜಾಯಬ್ ಘರ್‌ನ ಕ್ಯುರೇಟರ್ ಆಗಿದ್ದ ಜಾನ್ ಲಾಕ್‌ವುಡ್ ಕಿಪ್ಲಿಂಗನ ಕಾಗದಪತ್ರಗಳ ಕತೆಯನ್ನು ಹಿಂಬಾಲಿಸುವಾಗ ನನಗೆ ಮನವರಿಕೆಯಾಯಿತು.

ಕಿಪ್ಲಿಂಗ್ ಎಂದೊಡನೆ ನಮಗೆ ನೆನಪಾಗುವುದು ಮಗ ರಡ್ಯಾರ್ಡ್. ತಂದೆಯನ್ನು ಬಲ್ಲವರು ಕಡಿಮೆ. 1837ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿ, ಸ್ಟಾಫರ್ಡ್‌ಷೈರಿನ ಕುಂಬಾರಿಕೆಯ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡ ಲಾಕ್‌ವುಡ್ 1865ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಶಿಲ್ಪದ ಅಧ್ಯಾಪಕನಾಗಿ ಬಂದ. ಆ ವರ್ಷದ ಕೊನೆಗೆ ಅಲ್ಲಿಯೇ ರಡ್ಯಾರ್ಡ್ ಹುಟ್ಟಿದ. ಅಂಡಮಾನಿನಲ್ಲಿ ಶೇರ್ ಅಲಿ ಆಫ್ರಿದಿಯ ಕೈಯಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಮೇಯೊ ನೆನಪಿಗೆ ಲಾಹೋರಿನಲ್ಲಿ 1875ರಲ್ಲಿ ಮೇಯೊ ಕಲಾಶಾಲೆ ಆರಂಭವಾದಾಗ ಲಾಕ್‌ವುಡ್ ಅದರ ಮೊದಲ ಪ್ರಾಂಶುಪಾಲನಾದ. ಜೊತೆಗೆ ಮ್ಯೂಸಿಯಂನ ಹೊಣೆಯೂ ಬಂತು. 1893ರಲ್ಲಿ ನಿವೃತ್ತನಾಗುವವರೆಗೂ ಕಲಿಸುವ ಮನೆ ಮತ್ತು ಕೂಡಿಡುವ ಮನೆ ಎರಡರ ಕೀಲಿಕೈಯೂ ಅವನ ಬಳಿಯೇ ಇತ್ತು.

ಮಗ ಈ ತಂದೆಯನ್ನು 1901ರ 'ಕಿಮ್' ಕಾದಂಬರಿಯಲ್ಲಿ ಕ್ಯುರೇಟರ್ ಆಗಿ ನಿಲ್ಲಿಸಿದ್ದಾನೆ. ಟಿಬೆಟಿನಿಂದ ನಡೆದು ಬಂದ ಲಾಮಾ ಅಜಾಯಬ್ ಘರ್‌ನ ಒಳಹೊಕ್ಕು ಗಾಂಧಾರ ಶಿಲ್ಪಗಳ ಮುಂದೆ ಮೈಮರೆಯುತ್ತಾನೆ. ಬಿಳಿಗಡ್ಡದ ಸಾಹೇಬ ಅವನನ್ನು ಆದರದಿಂದ ಮಾತನಾಡಿಸಿ, ಕಾಗದ, ಪೆನ್ಸಿಲು ಕೊಟ್ಟು, ಕೊನೆಗೆ ತನ್ನ ಕನ್ನಡಕವನ್ನೇ ಕೊಡುತ್ತಾನೆ. ಲಾಮಾ ಪ್ರತಿಯಾಗಿ ಕೊಡುವುದು ಹಳೆಯ ಚೀನೀ ಮಾದರಿಯ ಕಬ್ಬಿಣದ ಲೇಖನಿ ಪೆಟ್ಟಿಗೆ. ಓದುವಾಗ ಕಣ್ಣು ಒದ್ದೆಯಾಗುವ ದೃಶ್ಯ ಇದು. ಆದರೆ ಕತೆಗಾರನಾಗಿ ಎರಡನೇ ಸಲ ಓದಿದಾಗ ಇನ್ನೊಂದು ಸಂಗತಿ ಹೊಳೆಯಿತು. ಆ ಪೆಟ್ಟಿಗೆಯ ಮೇಲೆ ಕ್ಯುರೇಟರನ ಕಣ್ಣು ಮೊದಲೇ ಬಿದ್ದಿತ್ತು ಎಂಬುದನ್ನು ರಡ್ಯಾರ್ಡ್ ಮುಚ್ಚಿಟ್ಟಿಲ್ಲ. ನೋಟ ಕೊಟ್ಟು ವಸ್ತು ಪಡೆಯುವುದು. ವಸಾಹತುಶಾಹಿ ಮ್ಯೂಸಿಯಂನ ಇಡೀ ವ್ಯವಹಾರವನ್ನು ಮಗ ತಿಳಿದೋ ತಿಳಿಯದೆಯೋ ಒಂದೇ ದೃಶ್ಯದಲ್ಲಿ ಹೇಳಿಬಿಟ್ಟಿದ್ದಾನೆ.

ಈಗ ಕಾಗದಗಳ ವಿಷಯಕ್ಕೆ ಬರೋಣ. ಅವು ಒಂದೆಡೆ ಇಲ್ಲ. ಖಾಸಗಿ ಪತ್ರಗಳಲ್ಲಿ ಉಳಿದವು, ಪತ್ರಿಕಾ ಬರಹಗಳ ತುಣುಕುಗಳು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ರಡ್ಯಾರ್ಡನ ಮಗಳು 1976ರಲ್ಲಿ ತೀರಿಕೊಂಡ ಬಳಿಕ ಕುಟುಂಬದ ದಾಖಲೆಗಳು ಅಲ್ಲಿಗೆ ಸೇರಿದವು. ಕಸುಬುದಾರರನ್ನು ಕುರಿತು ಲಾಕ್‌ವುಡ್ ಬಿಡಿಸಿದ ಚಿತ್ರಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಶಾಲೆಯ ವರದಿಗಳು, ಕಡತಗಳು ಲಾಹೋರಿನಲ್ಲೇ ಉಳಿದವು. ಮೇಯೊ ಶಾಲೆ 1958ರಲ್ಲಿ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್ ಆಯಿತು. ಅದರ ಆರಂಭದ ವರ್ಷಗಳ ವರದಿಗಳು 2003ರಲ್ಲಿ ಪುಸ್ತಕರೂಪದಲ್ಲಿ ಅಲ್ಲಿಂದಲೇ ಪ್ರಕಟವಾದವು.

ಇನ್ನೊಂದು ಪಾಲು ಎಲ್ಲಿಯೂ ಇಲ್ಲ. 1910ರ ಕೊನೆಯಲ್ಲಿ ತಾಯಿ, 1911ರ ಆರಂಭದಲ್ಲಿ ತಂದೆ ತೀರಿಕೊಂಡ ಮೇಲೆ ರಡ್ಯಾರ್ಡ್ ಮನೆಯ ಕಾಗದಪತ್ರಗಳನ್ನು ರಾಶಿ ರಾಶಿಯಾಗಿ ಸುಟ್ಟುಹಾಕಿದ ಎಂದು ಅವನ ಜೀವನಚರಿತ್ರೆಕಾರರು ಹೇಳುತ್ತಾರೆ. ಜಗತ್ತಿನ ಕತೆಯನ್ನೆಲ್ಲ ಬರೆದವನು ತನ್ನ ಮನೆಯ ಕತೆಯನ್ನು ಬೆಂಕಿಗೆ ಕೊಟ್ಟ. ತನ್ನ ಕುಟುಂಬ ಹೇಗೆ ಕಾಣಬೇಕು, ಹೇಗೆ ಕಾಣಬಾರದು ಎಂದು ತೀರ್ಮಾನಿಸುವ ಅಧಿಕಾರ ಅವನಿಗಿತ್ತು. ಲಾಕ್‌ವುಡ್ ಚಿತ್ರಿಸಿದ ಬಡಗಿಗೆ, ನೇಕಾರನಿಗೆ, ಹತ್ತಿ ಹಿಂಜುವವನಿಗೆ ಆ ಅಧಿಕಾರವಿತ್ತೇ? ಸುಡುವುದಕ್ಕಾದರೂ ಅವರ ಬಳಿ ಒಂದು ಕಾಗದವಿತ್ತೇ?

ಹಾಗೆಂದು ಲಾಕ್‌ವುಡ್‌ನನ್ನು ಖಳನಾಯಕನನ್ನಾಗಿ ಮಾಡಿ ಮುಗಿಸುವುದು ಸುಲಭದ ಕೆಲಸ, ಅನ್ಯಾಯವೂ ಹೌದು. ಅವನ ಬರಹಗಳನ್ನು ತೆರೆದರೆ ಬೇರೆಯೇ ಮನುಷ್ಯ ಎದುರಾಗುತ್ತಾನೆ. 1884ರಲ್ಲಿ ಆರಂಭವಾದ 'ಜರ್ನಲ್ ಆಫ್ ಇಂಡಿಯನ್ ಆರ್ಟ್' ಪತ್ರಿಕೆಯಲ್ಲಿ ಅವನು ಲೋಕೋಪಯೋಗಿ ಇಲಾಖೆಯನ್ನು ಕಟುವಾಗಿ ಟೀಕಿಸಿದ. ಈ ನೆಲದಲ್ಲಿ ಕಟ್ಟುವ ವಿದ್ಯೆ ಸತ್ತಿಲ್ಲ, ಮಿಸ್ತ್ರಿಗಳ ಕೈಯಲ್ಲಿ ಜೀವಂತವಾಗಿದೆ, ಸರಕಾರವೇ ಅವರನ್ನು ಮೂಲೆಗೆ ತಳ್ಳಿದೆ ಎಂಬುದು ಅವನ ವಾದ. ಲಾಹೋರಿನ ವಜೀರ್ ಖಾನ್ ಮಸೀದಿಯನ್ನು ವಿನ್ಯಾಸ ಕಲಿಯುವವರಿಗೆ ಒಂದು ಪಾಠಶಾಲೆಯೆಂದೇ ಅವನು ಭಾವಿಸಿದ್ದ. ಷಹಜಹಾನನ ಕಾಲದ ಆ ಮಸೀದಿಯ ಕಾಶಿಕಾರಿ ಹೆಂಚುಗಳ ಬಳ್ಳಿ, ಹೂವುಗಳನ್ನು ತನ್ನ ವಿದ್ಯಾರ್ಥಿಗಳಿಂದ ನಕಲು ಮಾಡಿಸಿದ. ಅದರ ದುರಸ್ತಿಯ ಕಡೆಗೆ ಗಮನ ಕಡಿಮೆಯಾಗುತ್ತಿರುವುದನ್ನು ಕಂಡು ಮರುಗಿದ. ಆ ಕಾಲದ ಎಷ್ಟು ಇಂಗ್ಲಿಷ್ ಅಧಿಕಾರಿಗಳು ಮಸೀದಿಯ ಗೋಡೆಯನ್ನು ಗುರುವೆಂದು ಕಂಡಿದ್ದರು?

ತೊಡಕಿರುವುದು ಈ ಪ್ರೀತಿಯ ಒಳಗೇ. ಉಸ್ತಾದನ ಮಗ ಅಪ್ಪನ ಪಕ್ಕದಲ್ಲಿ ಕುಳಿತು, ಉಳಿ ಹಿಡಿದು ಕಲಿಯುತ್ತಿದ್ದ. ಆ ವಿದ್ಯೆ ಕೈಯಿಂದ ಕೈಗೆ ಹೋಗುತ್ತಿತ್ತು. ಮೇಯೊ ಶಾಲೆ ಅದನ್ನು ಕಾಗದಕ್ಕೆ ತಂದಿತು. ನಕ್ಷೆ ಮೊದಲು, ವಸ್ತು ಆಮೇಲೆ. ಯಾವ ವಿನ್ಯಾಸ ಶುದ್ಧ, ಯಾವುದು ಕೆಟ್ಟ ವಿಲಾಯತಿ ಅನುಕರಣೆ ಎಂದು ತೀರ್ಪು ಕೊಡುವವನು ಸಾಹೇಬ. ಪರಂಪರೆಯನ್ನು ಉಳಿಸುವ ಕಾಳಜಿ ನಿಜವಾದದ್ದೇ. ಆದರೆ ಪರಂಪರೆ ಯಾವುದು ಎಂದು ಹೇಳುವ ಹಕ್ಕು ಪರಂಪರೆಯವನ ಕೈತಪ್ಪಿತು. ಲಾಕ್‌ವುಡ್ ಬಿಡಿಸಿದ ಚಿತ್ರಗಳಲ್ಲಿಯೂ ಇದೇ ಕಾಣುತ್ತದೆ. 1870ರಲ್ಲಿ ಸಿಮ್ಲಾದ ಮರಗೆತ್ತನೆಯವನನ್ನು ಎಷ್ಟು ಪ್ರೀತಿಯಿಂದ ಬಿಡಿಸಿದ್ದಾನೆಂದರೆ ಬಾಗಿದ ಬೆನ್ನು, ಉಳಿಯ ಮೇಲಿನ ಹಿಡಿತ ಎಲ್ಲವೂ ಜೀವಂತ. ಆದರೆ ಆ ಚಿತ್ರ ಇಂದಿಗೂ ಗುರುತಾಗುವುದು ಕಸುಬಿನಿಂದಲೇ. ಅವನು 'ಮರಗೆತ್ತನೆಯವನು', ಅಷ್ಟೇ.

ಈ ನಿಯಮಕ್ಕೆ ಒಂದು ಹೊಳೆಯುವ ಅಪವಾದವಿದೆ, ಭಾಯಿ ರಾಮ್ ಸಿಂಗ್. ಬಡಗಿ ಮನೆತನದ ಈ ಸಿಖ್ ಯುವಕ ಲಾಕ್‌ವುಡ್‌ನ ಶಿಷ್ಯ. ರಾಣಿ ವಿಕ್ಟೋರಿಯಾಳ ಆಸ್ಬರ್ನ್ ಅರಮನೆಯ ದರ್ಬಾರ್ ಕೋಣೆಯನ್ನು ಗುರುಶಿಷ್ಯರು ಸೇರಿ ರೂಪಿಸಿದರು. ಇಂಗ್ಲೆಂಡಿಗೆ ಹೋಗಿ ಆ ಕೆಲಸ ನಡೆಸಿದವನು ಶಿಷ್ಯ. ಅಮೃತಸರದ ಖಾಲ್ಸಾ ಕಾಲೇಜು, ಲಾಹೋರಿನ ಐಚಿಸನ್ ಕಾಲೇಜು ಅವನ ವಿನ್ಯಾಸಗಳು. 1910ರಲ್ಲಿ ಅವನು ತಾನು ಕಲಿತ ಶಾಲೆಗೇ ಪ್ರಾಂಶುಪಾಲನಾದ. ಆದರೂ ಅವನ ಬಗ್ಗೆ ಒಂದು ಇಡೀ ಪುಸ್ತಕ ಬರಲು 2006ರವರೆಗೆ ಕಾಯಬೇಕಾಯಿತು. ಬರೆದವರು ಲಾಹೋರಿನ ಪರ್ವೇಜ್ ವಂದಲ್ ಮತ್ತು ಸಾಜಿದಾ ವಂದಲ್ ದಂಪತಿ. ಸಿಖ್ ಬಡಗಿಯ ಮಗನ ನೆನಪನ್ನು ಪಾಕಿಸ್ತಾನದ ಇಬ್ಬರು ಮುಸ್ಲಿಮ್ ವಾಸ್ತುಶಿಲ್ಪಿಗಳು ಕಡತಗಳಿಂದ ಹೆಕ್ಕಿ ತೆಗೆದರು ಎಂಬುದನ್ನು ಇಂದಿನ ದಿನಗಳಲ್ಲಿ ನಾವು ಮತ್ತೆ ಮತ್ತೆ ಹೇಳಬೇಕಾಗಿದೆ.

ಲಾಕ್‌ವುಡ್ ಕೂಡಿಟ್ಟ ಮನೆಯೂ ಇಡಿಯಾಗಿ ಉಳಿಯಲಿಲ್ಲ. ದೇಶ ಒಡೆದ ಮೇಲೆ 1948ರಲ್ಲಿ ಲಾಹೋರ್ ಮ್ಯೂಸಿಯಂನ ಸಂಗ್ರಹವನ್ನು ಅಣ್ಣತಮ್ಮಂದಿರು ಪಾತ್ರೆ ಹಂಚಿಕೊಂಡಂತೆ ಪಾಲು ಮಾಡಲಾಯಿತು. ಶೇಕಡ 60 ಅಲ್ಲಿಗೆ, ಶೇಕಡ 40 ಇಲ್ಲಿಗೆ. ಗಾಂಧಾರದ ಬುದ್ಧರಲ್ಲಿ ಅನೇಕರು ಗಡಿ ದಾಟಿ ಈಗ ಚಂಡೀಗಢದ ಮ್ಯೂಸಿಯಂನಲ್ಲಿದ್ದಾರೆ. ಲಾಮಾ ಇಂದು ಬಂದರೆ ಅವನಿಗೆ ಕನ್ನಡಕಕ್ಕಿಂತ ಮೊದಲು ವೀಸಾ ಬೇಕು.

2017ರಲ್ಲಿ ಲಂಡನ್ ಮತ್ತು ನ್ಯೂಯಾರ್ಕಿನಲ್ಲಿ ಲಾಕ್‌ವುಡ್ ಕುರಿತು ದೊಡ್ಡ ಪ್ರದರ್ಶನ ನಡೆಯಿತು. ಮಗನ ನೆರಳಿನಲ್ಲಿ ಮರೆಯಾಗಿದ್ದ ತಂದೆಗೆ ನ್ಯಾಯ ಸಿಕ್ಕಿದ್ದು ಸಂತೋಷವೇ. ಆದರೆ ಪತ್ರಾಗಾರದ ನ್ಯಾಯಕ್ಕೆ ಒಂದು ಮಿತಿಯಿದೆ. ಅದು ಕಾಗದ ಬಿಟ್ಟವರಿಗೆ ಮಾತ್ರ ಸಿಗುತ್ತದೆ. ಹಾಗಾಗಿ ಇಂಥ ಕಾಗದಗಳನ್ನು ಬರೆದವನ ಚರಿತ್ರೆಯೆಂದಷ್ಟೇ ಓದಿದರೆ ಸಾಲದು. ವರದಿಯಲ್ಲಿ 'ಒಬ್ಬ ಮಿಸ್ತ್ರಿ' ಎಂದು ಬಂದಲ್ಲೆಲ್ಲ ನಿಂತು, ಇವನು ಯಾರು, ಯಾವ ಮೊಹಲ್ಲಾದವನು, ಕೂಲಿ ಎಷ್ಟಿತ್ತು ಎಂದು ಕೇಳುವ ಓದು ಬೇಕು. ಉತ್ತರ ಸಿಗದಿದ್ದರೂ ಪ್ರಶ್ನೆ ಅಲ್ಲಿ ಉಳಿಯಬೇಕು.

ನನ್ನ ಅಜ್ಜ ಬಡಗಿ. ನಮ್ಮೂರ ಮಸೀದಿಯ ಮಿಂಬರ್ ಅವರು ಮಾಡಿದ್ದು, ತೇಗದ ಮರದ್ದು. ಪಕ್ಕದ ಊರಿನ ದೇವಸ್ಥಾನದ ಬಾಗಿಲಿಗೂ ಅವರೇ ಉಳಿ ಹಿಡಿದಿದ್ದರಂತೆ. ಎರಡರ ಮೇಲೂ ಹೆಸರಿಲ್ಲ. ಹೆಸರು ಹಾಕಿದರೆ ರಿಯಾ ಆಗುತ್ತದೆ, ತೋರಿಕೆಯಾಗುತ್ತದೆ ಎಂದು ಅಜ್ಜ ಹೇಳುತ್ತಿದ್ದುದನ್ನು ಅಮ್ಮ ನೆನೆಯುತ್ತಾರೆ. ಅದು ಅವರು ತಾವಾಗಿ ಆರಿಸಿಕೊಂಡ ಮೌನ, ಅದನ್ನು ಗೌರವಿಸುತ್ತೇನೆ. ಸಿಮ್ಲಾದ ಆ ಮರಗೆತ್ತನೆಯವನ ಮೌನವೂ ಅವನೇ ಆರಿಸಿಕೊಂಡದ್ದೋ, ಅವನ ಮೇಲೆ ಹೇರಿದ್ದೋ, ಲಾಕ್‌ವುಡ್‌ನ ಕಾಗದಗಳು ಹೇಳುವುದಿಲ್ಲ. ಕಳೆದ ರಂಜಾನಿನಲ್ಲಿ ಮಿಂಬರನ್ನು ಬದಲಿಸಿ ಗ್ರಾನೈಟಿನದು ಮಾಡೋಣವೆಂಬ ಮಾತು ಜಮಾಅತ್‌ನಲ್ಲಿ ಬಂದಾಗ, ಅದನ್ನು ಮಾಡಿದವರು ಯಾರೆಂದು ಅಲ್ಲಿದ್ದ ಹುಡುಗರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಎದ್ದು ನಿಂತು ಅಜ್ಜನ ಹೆಸರು ಹೇಳಿದೆ. ಅವರ ಆತ್ಮ ನನ್ನನ್ನು ಕ್ಷಮಿಸಲಿ.